ಖಾಲಿ ಓಣಿಯಲ್ಲಿ ನಡುಗಿದ ಕೋಲು

ಹುಟ್ಟಿನಿಂದ ಕಣ್ಣು ಕಾಣದ ನಾನು ಯಾರನ್ನೂ ಬೇಗ ನಂಬುವವಳಲ್ಲ. ಸಿಂದಗಿಯ ಶಿಬಿರದಲ್ಲಿ ಕೊಟ್ಟ ಹೊಸ ಕೋಲನ್ನಂತೂ ಮೊದಲ ದಿನವೇ ನಂಬಲಿಲ್ಲ. ಮುಂದೆ ಸ್ವಲ್ಪ ದೂರದಲ್ಲಿ ಏನಾದರೂ ಅಡ್ಡ ಇದ್ದರೂ ಅದರ ಹಿಡಿ ಕೈಯಲ್ಲಿ ನಡುಗುತ್ತದಂತೆ. ನಮ್ಮ ಯಂಕಂಚಿಯ ಓಣಿಯಲ್ಲಿ ಅದು ಮನೆ ಬಿಟ್ಟಾಗಿನಿಂದ ಬಸ್ ನಿಲ್ಲುವ ಜಾಗದವರೆಗೂ ನಡುಗುತ್ತಲೇ ಇತ್ತು. ಖಾಲಿ ಓಣಿ ಅದು! ಹಳೆಯ ಬಿಳಿ ಕೋಲಿಗೆ ಅಲ್ಲಿ ಎಂದೂ ಏನೂ ತಾಗಿರಲಿಲ್ಲ.

ಆ ಓಣಿಯ ಮೇಲೆಯೇ ನನ್ನ ವಾದ ನಿಂತಿತ್ತು. ಆಲಮೇಲದ ಶಾಲೆಯಲ್ಲಿ ಪಾಠ ಹೇಳುವ ನಾನು ಅಲ್ಲೇ ಕೋಣೆ ಹಿಡಿದು ಇರುತ್ತೇನೆ ಎಂದು ಅವ್ವನೊಡನೆ ಜಗಳ ತೆಗೆದಿದ್ದೆ. "ದಿನಾ ಒಬ್ಬಾಕಿನ ಬಸ್ಸಿಗೆ ಹೋಗ್ತೇನಿಲ್ಲ?" ಎಂದರೆ ಅವ್ವ ಮಾತು ಬದಲಿಸುತ್ತಿದ್ದಳು.

ಕೋಲು ಕೆಟ್ಟಿದೆ ಎಂದು ಶಿಬಿರದವರ ಮೇಲೆ ರೇಗಿದೆ. ಅವರು ಮೈದಾನದಲ್ಲಿ ನಡೆಸಿ ನೋಡಿದರು. ಅಲ್ಲಿ ತೆಪ್ಪಗಿತ್ತು.

"ಕೋಲು ಬರೋಬ್ಬರಿ ಐತ್ರಿ. ನಿಮ್ಮ ಮುಂದ ಏನೋ ಇರಬೇಕ್ರಿ."

ಏನೋ ಅಂದರೆ? ನಾನು ನಡೆದಂತೆಲ್ಲ ಮುಂದೆ ಮುಂದೆ ನಡೆಯಲು ಎಮ್ಮೆಗೆ ಅಷ್ಟು ಶಿಸ್ತು ಎಲ್ಲಿಯದು? ಎದುರು ಮನೆಯ ಗಂಡಸಿನ ಮೇಲೆ ಅನುಮಾನ ಬಂತು. ಮೈ ಉರಿಯಿತು. ಮರುದಿನ ಓಣಿಯ ನಡುವೆ ಥಟ್ಟನೆ ಮುಂದೆ ನುಗ್ಗಿ ಕೋಲು ಬೀಸಿದೆ.

"ಬಡೀಬ್ಯಾಡವಾ, ನಾನ ಅದೇನಿ!"

ಅವ್ವ! ಆ ಹೊತ್ತಿಗೆ ಹಿಟ್ಟಿನ ಗಿರಣಿಗೆ ಹೋಗಿರುತ್ತಾಳೆ ಎಂದೇ ನಂಬಿದ್ದೆ. ಬರಿಗಾಲಲ್ಲಿ, ಬಳೆ ಸದ್ದಾಗದಂತೆ ಮೇಲೇರಿಸಿಕೊಂಡು, ದಾರಿಗೆ ಅಡ್ಡವಿದ್ದ ಹೊರಸಿನ ಮಂಚ, ಸೈಕಲ್ಲು ಸರಿಸುತ್ತ ಇಷ್ಟು ವರ್ಷವೂ ನನ್ನ ಮುಂದೆ ನಡೆದಿದ್ದಳು. ಓಣಿಯವರೆಲ್ಲರ ಬಾಯಿ ಮುಚ್ಚಿಸಿದ್ದಳು.

"ಯಾಕ ಹಿಂಗ ಮಾಡಿದಿ?"

"ಕೈ ಹಿಡದ್ರ ನಿನಗ ಸಿಟ್ಟು ಬರತೈತಲ್ಲ."

ಅವಮಾನದಿಂದ ಅತ್ತುಬಿಟ್ಟೆ. ನಾಳೆಯಿಂದ ಬಂದರೆ ಮಾತೇ ಆಡುವುದಿಲ್ಲ ಎಂದೆ.

ಮರುದಿನ ನಿಜವಾಗಿ ಒಬ್ಬಳೇ ಹೊರಟೆ. ಕೋಲು ನಡುಗಿದಲ್ಲೆಲ್ಲ ಏನಾದರೊಂದು ಇತ್ತು. ಚಕ್ಕಡಿ, ಹೊರಸು, ಯಾರದೋ ಬೈಕು. ಸುತ್ತಿ ಬಳಸಿ ಹೋಗುವಷ್ಟರಲ್ಲಿ ಮೊಣಕಾಲು ತರಚಿತು, ಬಸ್ಸೂ ತಪ್ಪಿತು. ನನಗೆ ಮಾತ್ರ ಹಿಗ್ಗೋ ಹಿಗ್ಗು. ಸಂಜೆ ಕೋಣೆಯ ಮಾತು ತೆಗೆದಾಗ ಅವ್ವ ಜಗಳಕ್ಕೆ ಬರಲಿಲ್ಲ.

"ಅಲ್ಲಿ ಓಣಿ ಅಗಲ ಐತೇನು?" ಎಂದಷ್ಟೇ ಕೇಳಿದಳು.

ಈಗ ಆಲಮೇಲದಲ್ಲಿ ಒಬ್ಬಳೇ ಇದ್ದೇನೆ. ಒಬ್ಬಳೇ ಎಂದು ಅಂದುಕೊಂಡಿದ್ದೇನೆ. ಕೋಲು ನಡುಗಿದರೆ ಇವತ್ತಿಗೂ ಮೊದಲು ನಿಂತು, "ಅವ್ವಾ?" ಎಂದು ಕೇಳುತ್ತೇನೆ.