ಕುಂಕುಮದ ಗೆರೆಯ ಪೆನ್ನು

ಇವತ್ತು ಬೆಳಿಗ್ಗೆ ಅಮೆರಿಕದ ಪ್ಲೇನ್‌ಫೀಲ್ಡಿನ ಡೇಕೇರಿನಲ್ಲಿ ಫಾರ್ಮ್ ತುಂಬಲು ಬ್ಯಾಗಿನಿಂದ ಮರದ ಪೆನ್ನು ತೆಗೆದೆ. ಮಗಳನ್ನು ಬಿಟ್ಟುಹೋಗುವ ಮೊದಲ ದಿನ. ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿತ್ತು. ಎಡಗೈಯಲ್ಲಿ ಅವಳ ಕೈ, ಬಲಗೈಯಲ್ಲಿ ನಡುಗುವ ಪೆನ್ನು.

ಅದು ನಾನು ಚಿಕ್ಕವಳಿದ್ದಾಗ ನನ್ನ ಕೈಯಾರೆ ಮಾಡಿದ ಮೊದಲ ಪೆನ್ನು. ಪ್ಲಿಮತ್ತಿನ ನಮ್ಮ ಗರಾಜಿನಲ್ಲಿ ಅಪ್ಪ ಮರವನ್ನು ತಿರುಗಿಸಿ ಕಡೆಯುವ ಒಂದು ಪುಟ್ಟ ಲೇತ್ ಯಂತ್ರ ಇಟ್ಟುಕೊಂಡಿದ್ದರು. ಆಫೀಸಿನಿಂದ ಬಂದವರು ಕಾಫಿ ಲೋಟ ಹಿಡಿದು ನೇರ ಅಲ್ಲಿಗೇ ಹೋಗುತ್ತಿದ್ದರು. ಆಯುಧಪೂಜೆಯ ದಿನ ಅಮ್ಮ ಕಾರಿಗೂ ಲೇತಿಗೂ ಕುಂಕುಮವಿಟ್ಟರು, ಪೆನ್ನಿಗೆಂದು ಲೇತಿಗೆ ಸಿಕ್ಕಿಸಿದ್ದ ನನ್ನ ಮರದ ತುಂಡಿಗೂ. ಮರುದಿನ ಅದನ್ನು ಮರೆತು ಅಪ್ಪ ಸ್ವಿಚ್ ಒತ್ತಿದರು. ಕುಂಕುಮವೆಲ್ಲ ಹಾರಿ ಅವರ ಕನ್ನಡಕ, ಮೀಸೆ ಕೆಂಪಾದವು.

“ಲೇತಿಗೆ ಮಾಡಿದ್ದು ಸಾಲ್ದು ಅಂತ ನೀವೂ ಪೂಜೆ ಮಾಡಿಸ್ಕೊಂಡ್ರಾ?” ಎಂದರು ಬಾಗಿಲಲ್ಲಿ ನಿಂತ ಅಮ್ಮ.

ಅಪ್ಪ ನಗುತ್ತಲೇ ಉಳಿಯನ್ನು ನನ್ನ ಕೈಗಿತ್ತರು. ತಿರುಗುತ್ತಿದ್ದ ಮರಕ್ಕೆ ಅದನ್ನು ತಾಗಿಸಿದೆ.

“ಅಪ್ಪಾ, ಇಟ್ಸ್ ಶೇಕಿಂಗ್!”

“ಅದಲ್ಲ ಪುಟ್ಟಿ, ನೀನು ಶೇಕ್ ಆಗ್ತಿದೀಯ. ಹಿಚುಕಬೇಡ, ಮೆತ್ತಗೆ ಹಿಡ್ಕೊ. ತಿರುಗೋ ಕೆಲಸ ಮರದ್ದು.”

ಹಿಡಿತ ಸಡಿಲಿಸಿದೆ. ಮರದ ಸಿಪ್ಪೆ ರಿಬ್ಬನ್ನಿನಂತೆ ಸುರುಳಿಯಾಗಿ ಬಂತು. ಆದರೆ ಒಂದು ಸಣ್ಣ ಬಿರುಕಿನಲ್ಲಿ ಕುಂಕುಮ ಉಳಿದೇಬಿಟ್ಟಿತ್ತು. ಪೆನ್ನು ಹಾಳಾಯಿತೆಂದು ಅತ್ತುಬಿಟ್ಟೆ. ಅಪ್ಪ ಅದನ್ನು ಉಜ್ಜಲು ಹೋಗಲಿಲ್ಲ.

“ಇರ್ಲಿ ಬಿಡು, ನಿನ್ನ ಪೆನ್ನು ಅಂತ ಗೊತ್ತಾಗುತ್ತೆ” ಎಂದು ಅದರ ಮೇಲೆಯೇ ಪಾಲಿಶ್ ಹಚ್ಚಿದರು.

ಇವತ್ತು ಹೆಬ್ಬೆರಳು ಆ ಕೆಂಪು ಗೆರೆಯ ಮೇಲೇ ಇತ್ತು. ಹೇಗೋ ಸಹಿ ಹಾಕಿದೆ. ಆಮೇಲೆ ನೋಡಿದರೆ, ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವಳು ಮಗಳಲ್ಲ, ನಾನು. ಎಡಗೈ ಸಡಿಲಿಸಿದೆ. ಅವಳು ತಿರುಗಿಯೂ ನೋಡದೆ ಆಟದ ಸಾಮಾನಿನ ಕಡೆಗೆ ಓಡಿದಳು.