ಹನ್ನೊಂದರ ಬಸ್ಸಿಗೆ ಬರಬೇಕಿದ್ದ ಅಣ್ಣ

ನಮ್ಮ ಅವ್ವ ಒಂದು ಸೀರೆಗಾಗಿ ತವರು ಕಡಿದುಕೊಂಡವಳು. ನವಲಗುಂದದ ಕಡೆಯ ನಮ್ಮ ಊರು ನಲವತ್ತು ವರ್ಷ ಇದನ್ನೇ ಹೇಳಿತು. ನಾನೂ ಹೇಳಿದೆ, ಊರಿಗಿಂತ ಜೋರಾಗಿಯೇ ಹೇಳಿದೆ.

ಆಗ ನನಗೆ ಎಂಟು ವರ್ಷ. ಪಂಚಮಿ ಹಬ್ಬಕ್ಕೆ ಮೂರು ದಿನ ಉಳಿದಿತ್ತು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದುಕೊಂಡು ಹೋಗಬೇಕು. ಕಲಘಟಗಿ ಸೀಮೆಯಲ್ಲಿದ್ದ ನನ್ನ ಸೋದರಮಾವ ಒಂದು ವರ್ಷವೂ ತಪ್ಪಿಸಿದವನಲ್ಲ. ಅವನು ಬಂದನೆಂದರೆ ನನಗೆ ಉಂಡಿ, ಜೋಕಾಲಿ, ಎಂಟು ದಿನ ಸಾಲಿಗೆ ಚಕ್ಕರ್. ಆ ವರ್ಷ ಅವ್ವ ಏನು ಮಾಡಿದಳೆಂದರೆ, ಮಾವ ಹಿಂದಿನ ಹಬ್ಬಕ್ಕೆ ಕೊಟ್ಟಿದ್ದ ಸೀರೆಯನ್ನು ಗಂಟು ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಮಾವನ ಊರಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಗೆ ಅದನ್ನು ತುರುಕಿ, ನಿಂತ ಮಂದಿಗೆಲ್ಲ ಕೇಳುವಂತೆ ಒದರಿದಳು.

"ನಮ್ಮಣ್ಣಗ ಹೇಳ್ರಿ, ಇಂಥಾ ಹರಕ ಸೀರಿ ಉಡೂ ದರಿದ್ರ ನನಗ ಬಂದಿಲ್ಲ. ತಂಗಿ ಸತ್ತಾಳಂತ ತಿಳಕೋ ಅನ್ರಿ. ನನ್ನ ಹೊಸ್ತಲಾ ತುಳದ್ರ ಬಾವಿಗೆ ಬೀಳ್ತೇನಿ!"

ನಾನು ಅವಳ ಸೆರಗು ಹಿಡಿದು ನಿಂತಿದ್ದೆ. ಸೀರೆ ಹರಿದಿರಲಿಲ್ಲ, ಅದು ನನಗೂ ಗೊತ್ತಿತ್ತು. ಮಾವ ಬಲು ಮಾನದ ಮನುಷ್ಯ, ಮತ್ತೆಂದೂ ನಮ್ಮೂರಿಗೆ ಕಾಲಿಡಲಿಲ್ಲ. ದೊಡ್ಡವಳಾದ ಮೇಲೆ ನಾನೊಬ್ಬಳೇ ಮಾವನ ಮನೆಗೆ ಹೋಗಿಬರುತ್ತಿದ್ದೆ. ಬಂದಾಗಲೆಲ್ಲ ಅವ್ವನನ್ನು ಹಂಗಿಸುತ್ತಿದ್ದೆ. "ಸೊಕ್ಕಿನಾಕಿ" ಅಂತ ಮುಖದ ಮೇಲೇ ಅಂದಿದ್ದೇನೆ. ಅಪ್ಪ ಮಾತ್ರ ಏನೂ ಅನ್ನದೆ ಎದ್ದು ಹೊರಗೆ ಹೋಗುತ್ತಿದ್ದ. ಎಂಥ ಸಮಾಧಾನದ ಮನುಷ್ಯ ನಮ್ಮಪ್ಪ ಅಂದುಕೊಳ್ಳುತ್ತಿದ್ದೆ.

ಈಗ ಅಪ್ಪ ತೀರಿಕೊಂಡು ಆರು ವರ್ಷ. ಅವ್ವ ಕುಂದಗೋಳದಲ್ಲಿ ನನ್ನ ಜೊತೆಗಿದ್ದಾಳೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾಗಳ ಹುಚ್ಚು. ಹೋದ ಭಾನುವಾರ ಊಟವಾದ ಮೇಲೆ ಟಿವಿಯಲ್ಲಿ ಅಂಥದೊಂದನ್ನು ಹಚ್ಚಿದೆ. ಅವ್ವ ಬಾಜೂಕ್ಕೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು.

ಕತೆ ಇಷ್ಟೇ. ದೊಡ್ಡ ಲೀಡರ್ ಒಬ್ಬ ಒಂದು ಸಣ್ಣ ಊರಿಗೆ ಭಾಷಣಕ್ಕೆ ಬರುವವನಿದ್ದಾನೆ. ಅವನನ್ನು ಕೊಲ್ಲಲು ಬಂದವನು ಒಬ್ಬ ವಿಧವೆಯ ಮನೆಯಲ್ಲಿ ಮೇಲಿನ ಖೋಲಿ ಬಾಡಿಗೆಗೆ ಹಿಡಿಯುತ್ತಾನೆ. ಕಿಟಕಿ ತೆರೆದರೆ ಎದುರಿಗೇ ಭಾಷಣದ ಕಟ್ಟೆ. ಗೋಡೆ ತುಂಬ ನೆರಳು, ಮುಖ ಮುಚ್ಚುವ ಟೊಪ್ಪಿಗೆ, ಸಿಗರೇಟಿನ ಹೊಗೆ. ಆ ವಿಧವೆ ಪಾಪ, ದಿನಾ ಮೆಟ್ಟಿಲು ಹತ್ತಿ ಅವನಿಗೆ ಕಾಫಿ ಕೊಡುತ್ತಾಳೆ. ಒಂದು ದಿನ ಅವನಿಲ್ಲದಾಗ ಕಸ ಗುಡಿಸಲು ಹೋಗುತ್ತಾಳೆ. ಮಂಚದ ಕೆಳಗೆ ಬಗ್ಗುತ್ತಾಳೆ, ಏಳುತ್ತಾಳೆ. ಕೆಳಗೆ ಏನಿತ್ತೆಂದು ನಮಗೆ ತೋರಿಸುವುದಿಲ್ಲ.

"ಈಕಿಗೆ ಗೊತ್ತಾತು," ಅಂದಳು ಅವ್ವ.

"ಏನ್ ಗೊತ್ತಾತು? ನಿನಗೇನ ಇಂಗ್ಲಿಷ್ ತಿಳೀತೈತೇನು?" ಎಂದು ನಕ್ಕೆ.

"ಇಂಗ್ಲಿಷ್ ಯಾಕ ಬೇಕಲೇ? ಕಸಬರಿಗಿ ಹ್ಯಾಂಗ ಹಿಡದಾಳ ನೋಡು. ನಾನೂ ಹಿಂಗ ಹಿಡಕೊಂಡು ನಿಂತಿದ್ದೆ."

ನಾನು ಇನ್ನೂ ನಗುತ್ತಲೇ ಇದ್ದೆ. ಆಮೇಲೆ ಅವ್ವನ ಮುಖ ನೋಡಿದೆ. ಬಳ್ಳೊಳ್ಳಿಯ ಬುಟ್ಟಿ ಕೆಳಗಿಟ್ಟಿದ್ದಳು. ಟಿವಿ ಬಂದ್ ಮಾಡಿದೆ.

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಆ ವರ್ಷ ಮಾವ ಎಲೆಕ್ಷನ್ನಿಗೆ ನಿಂತಿದ್ದ. ಗೆಲ್ಲುವುದು ಖಾತ್ರಿಯಿತ್ತು. ಎದುರಾಳಿ ಲೀಡರನ ಹಿಂದೆ ಓಡಾಡುತ್ತಿದ್ದವರಲ್ಲಿ ನಮ್ಮಪ್ಪನೂ ಒಬ್ಬ. ಮಾವನ ಸುತ್ತ ಸದಾ ಐದಾರು ಜನ ಇರುತ್ತಿದ್ದರು, ಹತ್ತಿರ ಹೋಗುವುದು ಆಗದ ಮಾತು. ಪಂಚಮಿಗೆ ಹದಿನೈದು ದಿನ ಇರುವಾಗ ಅಪ್ಪ ಬೀಗರೆಂದು ಹೇಳಿ ಒಬ್ಬನನ್ನು ಕರೆತಂದು ನಮ್ಮ ಮನೆಯ ಮೇಲಿನ ಖೋಲಿಯಲ್ಲಿ ಇಳಿಸಿದ. ಅಳ್ನಾವರದ ಕಡೆಯವ, ಎತ್ತು ನೋಡಲು ಬಂದಾನೆ ಅಂದ. ಆ ಖೋಲಿಯ ಕಿಟಕಿಯಿಂದ ಬಸ್ ಸ್ಟ್ಯಾಂಡು ಅಂಗೈಯಷ್ಟು ನಿಚ್ಚಳ ಕಾಣುತ್ತಿತ್ತು.

"ಎತ್ತ ನೋಡಾಕ ಬಂದಾಂವ ಒಂದ ದಿನಾನೂ ಸಂತಿಗೆ ಹೋಗಲಿಲ್ಲ," ಅಂದಳು ಅವ್ವ. "ರೊಟ್ಟಿ ಉಣ್ಣಾಕ ಕೂತಾಗ ಕೇಳಿದ. ಹಬ್ಬಕ್ಕ ಕರಿಯಾಕ ಯಾರ ಬರ್ತಾರ್ರಿ ಅಕ್ಕಾರ ಅಂತ. ನಾ ಹುಚ್ಚಿ, ಹಿಗ್ಗಿ ಹೀರೇಕಾಯಿ ಆಗಿ ಎಲ್ಲಾ ಹೇಳಿದೆ. ನಮ್ಮಣ್ಣ ಬರ್ತಾನ, ಹನ್ನೊಂದರ ಬಸ್ಸಿಗೆ ಬರ್ತಾನ, ಒಬ್ಬನ ಬರ್ತಾನ ಅಂದೆ. ತಂಗೀನ ಕರಿಯಾಕ ಮಂದಿ ಕಟಗೊಂಡು ಯಾರ ಬರ್ತಾರ ಹೇಳು?"

ಎಲೆಕ್ಷನ್ನಿನ ಗದ್ದಲದಲ್ಲೂ ಮಾವ ಒಬ್ಬನೇ ಸಿಗುವುದು ಅದೊಂದೇ ದಿನ. ಅದನ್ನು ಲೆಕ್ಕ ಹಾಕಿದವರು ನಮ್ಮ ನಡುವಿನವರೇ. ಬೇರೆ ಊರಿನವರಿಗೆ ಇದು ಹೊಳೆಯುತ್ತಲೂ ಇರಲಿಲ್ಲ.

ಮಾರನೆಯ ಮುಂಜಾನೆ ಖೋಲಿ ಗುಡಿಸಲು ಹಾಸಿಗೆ ಎತ್ತಿದಾಗ ಟವೆಲಿನಲ್ಲಿ ಸುತ್ತಿಟ್ಟ ಪಿಸ್ತೂಲು ಸಿಕ್ಕಿತು. ಟವೆಲು ನಮ್ಮಪ್ಪನದು.

 "ಅಪ್ಪಗ ಗೊತ್ತಿತ್ತೇನಬೇ?" ಅಂದೆ. ಬೇಡ, ಗೊತ್ತಿರಲಿಲ್ಲ ಅನ್ನು ಎಂದು ಒಳಗೊಳಗೇ ಕೈಮುಗಿಯುತ್ತಿದ್ದೆ.

"ಹೆದರಸಾಕಷ್ಟ ಅಂತ ಆ ಲೀಡರನ ಮಂದಿ ನಿಮ್ಮಪ್ಪಗ ಹೇಳಿರಬೇಕು. ಹೆದರಸಾಕ ಯಾರರೆ ಗುಂಡು ತುಂಬಿಟ್ಕೋತಾರೇನ? ನಾ ನಿಮ್ಮಪ್ಪನ ಮಾರಿ ನೋಡಿದೆ. ಅವರು ನನ್ನ ಮಾರಿ ನೋಡಲಿಲ್ಲ. ಅಷ್ಟ ಸಾಕಾತು."

"ಮಾವಗ ಖರೇ ಹೇಳಿ ಕಳಸಬೇಕಿತ್ತು!"

"ಖರೇ ಹೇಳಿದ್ರ ನಮ್ಮಣ್ಣ ನಿಮ್ಮಪ್ಪನ್ನ ಉಳಸ್ತಿದ್ದನೇನ? ಅಂವ ಮಂದಿ ಕರಕೊಂಡು ಬರಾಂವ. ಒಂದ ಕಡೆ ನನ್ನ ಒಡಹುಟ್ಟಿದಾಂವ, ಒಂದ ಕಡೆ ನನ್ನ ಕುತ್ತಿಗಿ ತಾಳಿ. ಪೊಲೀಸರಂತೂ ಆ ಲೀಡರನ ಮನ್ಯಾಗ ಚಹಾ ಕುಡಿಯಾವ್ರು. ನನಗ ತಿಳಿದದ್ದು ಒಂದ. ಅಂವ ಬರಬಾರದು. ಬರಬಾರದು ಅಂದ್ರ ಅವನ ಮಾನಕ್ಕ ಬಡೀಬೇಕು."

ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಜೋರಾಗಿ ಒದರಿದ್ದು ಕಂಡಕ್ಟರನಿಗಲ್ಲ, ಮೇಲಿನ ಕಿಟಕಿಗೆ. ಇನ್ನು ಅಣ್ಣ ಬರುವುದಿಲ್ಲವೆಂದು ಅಲ್ಲಿದ್ದವನಿಗೂ ತಿಳಿಯಲಿ ಅಂತ. ಅವನು ಹಬ್ಬದ ದಿನದವರೆಗೆ ಕಾದ. ಅವ್ವ ಅವನಿಗೆ ಹೋಳಿಗೆ ಬಡಿಸಿದಳು. ಹಬ್ಬದ ಮಾರನೆಯ ದಿನ ಹೋದ. ಅಪ್ಪ ಸಾಯುವವರೆಗೆ ಒಂದು ಮಾತೂ ಕೇಳಲಿಲ್ಲ, ಅವ್ವ ಹೇಳಲೂ ಇಲ್ಲ. ಒಂದೇ ಪಂಕ್ತಿಯಲ್ಲಿ ಕೂತು ಉಂಡರು, ಮಕ್ಕಳ ಮದುವೆ ಮಾಡಿದರು. ನಾನು ಆ ಮನುಷ್ಯನ ಹೆಗಲ ಮೇಲೆ ಕೂತು ಬೆಳೆದವಳು. ದೇವರೇ, ಇದನ್ನು ನಾನು ಎಲ್ಲಿಡಲಿ!

ಆದರೆ ನನ್ನನ್ನು ನೆಲಕ್ಕೆ ಕುಕ್ಕಿದ್ದು ಅಪ್ಪನ ಸುದ್ದಿಯಲ್ಲ.

ಹೋದ ವರ್ಷ ಮಾವ ತೀರಿಕೊಂಡ. ನಾವಿಬ್ಬರೂ ಮಣ್ಣಿಗೆ ಹೋಗಿದ್ದೆವು. ಪಡಸಾಲೆಯಲ್ಲಿ ಅವನನ್ನು ವಿಭೂತಿ ಹಚ್ಚಿ ಕೂಡಿಸಿದ್ದರು. ಅವ್ವ ಮಾಲೆ ಹಿಡಿದು ಹತ್ತಿರ ಹೋದಳು. ನಲವತ್ತು ವರ್ಷದ ಮೇಲೆ ಅಣ್ಣನ ಮುಖ ನೋಡುತ್ತಿದ್ದಳು. ನನಗೆ ಎಲ್ಲಿಂದ ಸಿಟ್ಟು ಬಂತೋ! ಮುಂದೆ ಹೋಗಿ ಅವಳ ರಟ್ಟೆ ಹಿಡಿದೆ. ಮಂದಿಯೆಲ್ಲರ ಎದುರಿಗೆ, ಮಾವನ ಹೆಂಡತಿ ಮಕ್ಕಳ ಎದುರಿಗೆ ಅಂದೆ: "ಜೀವಂತ ಇದ್ದಾಗ ಬ್ಯಾಡಾದ ಅಣ್ಣ ಈಗ್ಯಾಕ ಬೇಕಾದ? ನಿನ್ನ ಮಾಲಿ ಅಂವಗ ಬ್ಯಾಡ."

ಅವ್ವ ಮಾಲೆಯನ್ನು ಪಕ್ಕದಲ್ಲಿದ್ದ ಒಬ್ಬಳ ಕೈಗೆ ಕೊಟ್ಟು, ಅಂಗಳಕ್ಕೆ ಹೋಗಿ ಕೂತಳು. ಮಣ್ಣು ಕೊಡುವವರೆಗೂ ಅಲ್ಲೇ ಇದ್ದಳು. ಒಬ್ಬರೂ ಅವಳನ್ನು ಮಾತಾಡಿಸಲಿಲ್ಲ. ಸರಿಯಾಗಿ ಮಾಡಿದಿ ಎಂದು ನನ್ನ ಬೆನ್ನು ತಟ್ಟಿದವರಿದ್ದರು.

ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಈಗ, ಬಂದ್ ಮಾಡಿದ ಟಿವಿಯ ಎದುರಿಗೆ, ನಾನು ಅವ್ವನ ಕಾಲ ಬಳಿ ಕುಸಿದು ಕೂತೆ.  ಕಡೆಗೆ ಕೇಳಿದೆ, "ಅವತ್ತರೆ ನನ್ನ ಕಪಾಳಕ್ಕ ಒಂದು ಬಾರಿಸಬಾರದಿತ್ತೇನಬೇ? ಮಂದ್ಯಾಗ ಹಂಗ ಅನ್ನಾಕ ನನ್ನ ಯಾಕ ಬಿಟ್ಟಿ?"

ಅವ್ವ ಬುಟ್ಟಿಯನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡಳು.

"ಬಾರಿಸಿದ್ರ ನೀ ಯಾಕಂತ ಕೇಳ್ತಿದ್ದಿ, ಯವ್ವಾ," ಅಂದಳು. "ಆಗ ನಾ ನಿನಗ ನಿಮ್ಮಪ್ಪನ್ನ ಇಲ್ಲದಂಗ ಮಾಡಬೇಕಾಗ್ತಿತ್ತು."