ಚಿಲುಮೆಯ ಕೊರಳಲ್ಲಿ ಜೋಳದ ಗುರುತು

ರಾಯಚೂರಿನಲ್ಲಿ ನಮ್ಮ ಪಕ್ಕದ ಓಣಿಯಲ್ಲಿ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ಒಬ್ಬರಿದ್ದಾರೆ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಜನ್ಮದಲ್ಲಿ ಒಂದು ಬೀಡಿಯನ್ನೂ ಸೇದದ ಮನುಷ್ಯ, ಆದರೆ ಹಳೆಯ ಪೈಪು, ಚಿಲುಮೆಗಳನ್ನು ಕೂಡಿಡುವ ಹುಚ್ಚು. ನನಗೂ ಆ ಹುಚ್ಚು ಹತ್ತಿದ್ದು ಕವಿತಾಳದ ನನ್ನ ಅಜ್ಜಿಯಿಂದ. ಹೊಲದಿಂದ ಬಂದವಳೇ ಕಟ್ಟೆಯ ಮೇಲೆ ಕೂತು ಚಿಲುಮೆ ಎಳೆಯುತ್ತಿದ್ದಳು. ಆ ಹೊಗೆಯ ವಾಸನೆಯಲ್ಲೇ ನಾನು ಅವಳ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ಅವಳು ಸತ್ತಾಗ ಆ ಚಿಲುಮೆಯನ್ನೂ ಅವಳ ಜೊತೆಗೇ ಮಣ್ಣು ಮಾಡಿದರು.

ಈಗ ಶಾಲೆಗೆ ರಜೆ ಇದ್ದಾಗಲೆಲ್ಲ ನಾನು ಕಾಕಾನ ಮನೆಯಲ್ಲಿರುತ್ತೇನೆ. ಕಟ್ಟಿಗೆಯ ಪೈಪುಗಳ ಕತೆ ಸುಲಭ. ಭೂತಗನ್ನಡಿ ಹಿಡಿದರೆ ಹಿಡಿಯ ಮೇಲೆ ಮಾಡಿದವರ ಹೆಸರು ಕಾಣುತ್ತದೆ. ಮಣ್ಣಿನ ಚಿಲುಮೆಗೆ ಹೆಸರೆಲ್ಲಿಯದು? ಮಣ್ಣಿನ ಬಣ್ಣ, ಬಾಯಿಯ ಅಗಲ, ಕೊರಳಿನ ಗೀರು ನೋಡಿ ಇದು ಇಂಥ ಊರಿನದಿರಬಹುದು ಎಂದುಕೊಳ್ಳಬೇಕು. ಕಾಕಾನ ಹತ್ತಿರ ಒಂದು ಕೆಂಪು ಚಿಲುಮೆ ಇತ್ತು. ಕೊರಳಿನ ಸುತ್ತ ಜೋಳದ ಕಾಳು ಒತ್ತಿದ ಸಾಲು, ಪ್ರತಿ ಕಾಳಿನ ಗುರುತೂ ಎಡಕ್ಕೆ ವಾಲಿದ್ದು. ಫೋಟೋ ಕಳಿಸಿ ಕೇಳಿದ ಸಂಗ್ರಾಹಕರಲ್ಲಿ ಯಾರಿಗೂ ಅದರ ಊರು ತಿಳಿಯಲಿಲ್ಲ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಮಣ್ಣಿನ ಬಣ್ಣವನ್ನೇ ನಂಬಿ ಇಬ್ಬರೂ ಮಾನ್ವಿಗೆ ಹೊರಟೆವು. ಅಲ್ಲಿನ ಕುಂಬಾರರೊಬ್ಬರು ಕೊರಳಿನ ಮೇಲೆ ಬೆರಳಾಡಿಸಿ ನೋಡಿದರು.

“ಇದು ನಮ್ಮ ಕಡೀದಲ್ರೀ. ನಮ್ಮೋರು ದಾರ ಸುತ್ತಿ ಗೀರು ಹಾಕ್ತಿದ್ರು. ಜ್ವಾಳ ಒತ್ತೋರು ದೇವದುರ್ಗದಾಗ ಇದ್ರು. ಅಲ್ಲಿ ಕೇಳ್ರಿ.”

ಅಲ್ಲಿಂದಲೇ ದೇವದುರ್ಗದ ಬಸ್ಸು ಹತ್ತಿದೆವು. ಕುಂಬಾರ ಓಣಿಯಲ್ಲಿ ವಿಚಾರಿಸಿದಾಗ ಒಂದು ಮನೆ ತೋರಿಸಿದರು. ಪಡಸಾಲೆಯಲ್ಲಿ ಒಬ್ಬ ಮುದುಕಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಚಿಲುಮೆ ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು. ಕಾಳಿನ ಗುರುತುಗಳ ಮೇಲೆ ಹೆಬ್ಬೆರಳು ಸರಿಸಿದರು.

“ಇದು ಎಲ್ಲಿತ್ತು?”

“ರಾಯಚೂರಾಗ ಹಳೇ ಸಾಮಾನು ಮಾರೋರ ಹತ್ರ ಸಿಕ್ತು ಯವ್ವಾ,” ಎಂದರು ಕಾಕಾ.

“ಇದು ನಮ್ಮಕ್ಕಂದು.”

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಅವರ ಗಂಡನ ಅಣ್ಣನ ಹೆಂಡತಿ. ತೀರಿಕೊಂಡು ಬಹಳ ವರ್ಷಗಳಾಗಿದ್ದವು.

“ಆಕಿ ಎಡಚಿ. ನಮ್ಮತ್ತಿ ಆಕೀಗಿ ಮದುವಿ ಗಡಗಿ ಮಡಿಕಿ ಮುಟ್ಟಾಕ ಬಿಡ್ತಿರಲಿಲ್ಲ. ಎಡಗೈ ಹತ್ತಿದ ಗಡಗಿ ಯಾರ ಒಯ್ತಾರ ಅಂತಿದ್ಲು. ನೀ ಚಿಲಿಮಿ ಅಷ್ಟ ಮಾಡು ಅಂದ್ಲು. ಕಡೀತನಕ ಅದನ್ನ ಮಾಡಿದ್ಲು.”

“ಬ್ಯಾಸರ ಮಾಡ್ಕೊಂತಿದ್ರೇನು?” ಎಂದೆ.

“ಮೊದಮೊದಲು ಅಳ್ತಿದ್ಲು. ಆಮ್ಯಾಲೆ ಕಾಳು ಒತ್ತೂ ಮುಂದ ಹಾಡಾಕ ಸುರು ಮಾಡಿದ್ಲು. ಆಕಿ ಚಿಲಿಮೀನ ಬೇಕಂತ ದೂರದಿಂದ ಮಂದಿ ಬರ್ತಿದ್ರು. ಆಗ ನಮ್ಮತ್ತಿ ಸುಮ್ಮನಾದ್ಲು.”

ಸೊಸೆ ಚಹಾ ತಂದುಕೊಟ್ಟಳು. ಕಾಕಾ ಬಟ್ಟಲನ್ನು ಬಾಯಿಗಿಡದೆ ಕೂತಿದ್ದರು. ಎಷ್ಟೋ ವರ್ಷ ಎಣ್ಣೆ ಒರೆಸಿ ಕಾಪಾಡಿದ ವಸ್ತು ಅದು. ಕೊನೆಗೆ, “ಇಟ್ಕೊಳ್ರಿ ಯವ್ವಾ, ನಿಮ್ಮ ಮನೀದು,” ಎಂದರು.

ಆಕೆ ಅದನ್ನು ಉಡಿಯಲ್ಲಿಟ್ಟುಕೊಂಡು ಚಹಾ ಮುಗಿಸಿದರು. ಆಮೇಲೆ ಸೆರಗಿನಿಂದ ಒರೆಸಿ ಕಾಕಾನ ಕೈಗೇ ಕೊಟ್ಟರು.

“ನನ್ನ ಹತ್ರ ಇದ್ರ ನಾ ಒಬ್ಬಾಕಿ ನೋಡ್ತೀನಿ. ನಿಮ್ಮ ಮನ್ಯಾಗ ನಾಕ ಮಂದಿ ನೋಡ್ತಾರ. ಯಾರ ಮಾಡಿದ್ದು ಅಂತ ಕೇಳಿದ್ರ ಆಕಿ ಹೆಸರು ಹೇಳ್ರಿ.”

ಹೆಸರು ಹೇಳಿದರು. ಕಾಕಾನ ಬಾಯಿಂದ ಮತ್ತೊಮ್ಮೆ ಹೇಳಿಸಿ, ಸರಿಯಾಯಿತೆಂದು ತಲೆಯಾಡಿಸಿದರು.

ಮರುವಾರ ನಾವು ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ, ಆ ಅಕ್ಕ ಮಾಡಿದವು ಇನ್ನೂ ಇವೆಯೇ ಎಂದು ಹುಡುಕಿದೆವು. ಮಾನ್ವಿಯದೆಂದು ತಪ್ಪಾಗಿ ಇಟ್ಟಿದ್ದವುಗಳಲ್ಲಿ ಒಂದು ಸಿಕ್ಕಿತು. ಕಾಳುಗಳು ಎಡಕ್ಕೇ ವಾಲಿದ್ದವು. ಖುಷಿಯಿಂದ, ಹೊರಡುವಾಗ ಬರೆದುಕೊಂಡಿದ್ದ ಸೊಸೆಯ ಮೊಬೈಲ್ ನಂಬರಿಗೆ ಫೋಟೋ ಕಳಿಸಿದೆ. ಮಧ್ಯಾಹ್ನ ರೆಕಾರ್ಡ್ ಮಾಡಿ ಕಳಿಸಿದ ಮುದುಕಿಯ ದನಿಯೇ ಬಂತು. ನಡುವೆ ನಗು ತಡೆಯಲಾಗದೆ ಕೆಮ್ಮುತ್ತಿದ್ದರು.

“ಇದು ಆಕೀದಲ್ಲವ್ವಾ, ಇದು ನಂದು. ಆಕಿ ಹೆಂಗ ಮಾಡ್ತಾಳ ನೋಡೂಣು ಅಂತ ಒಂದಿನ ಎಡಗೈಲೆ ಮಾಡಿದ್ದೆ. ಸೊಟ್ಟ ಆಗ್ಯಾದ ನೋಡು. ಆಕಿ ನೋಡಿ ಹೊಟ್ಟಿ ಹಿಡಕೊಂಡು ನಕ್ಕಿದ್ಲು. ಅದನ್ನೂ ಯಾರೋ ಒಯ್ದಾರಂತಂದ್ರ…”

ಅಲ್ಲಿಗೆ ದನಿ ನಿಂತಿತ್ತು. ಕಾಕಾ ಅದನ್ನು ಮತ್ತೆ ಹಾಕಿಸಿ ಕೇಳಿದರು. ಎರಡೂ ಚಿಲುಮೆಗಳನ್ನು ಒಂದೇ ಡಬ್ಬಿಯಲ್ಲಿ ಹತ್ತಿಯ ಮೇಲೆ ಪಕ್ಕಪಕ್ಕ ಮಲಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಈ ಯವ್ವನ ಹೆಸರು ಏನಂದ್ರು?” ಎಂದರು.

ನಾವು ಕೇಳಿರಲೇ ಇಲ್ಲ. ನಾನು ಕೂತಲ್ಲಿಂದಲೇ ದೇವದುರ್ಗಕ್ಕೆ ಫೋನ್ ಹಚ್ಚಿದೆ.